ಸ್ಪೀಕರ್ ಬದಲಿಸುವ ಮೊದಲು ಡೋರ್ ತಟ್ಟಿ ನೋಡಿ

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಮೂರು ವರ್ಷದ ಹ್ಯಾಚ್‌ಬ್ಯಾಕ್ ಕಾರಿದೆ, ನಡುವಿನ ವೇರಿಯಂಟ್. ಕಂಪನಿಯೇ ಕೊಟ್ಟ 7 ಇಂಚಿನ ಸ್ಕ್ರೀನ್, ನಾಲ್ಕು ಸ್ಪೀಕರ್, ಮುಂದೆ ಮೇಲುಸ್ವರಕ್ಕೆ ಎರಡು ಪುಟ್ಟ ಟ್ವೀಟರ್ ಇವೆ. ವಾರಕ್ಕೆ ಎರಡು ಸಲ ಚಿಕ್ಕಮಗಳೂರಿಗೆ, ತಿಂಗಳಿಗೊಮ್ಮೆ ಬೇಲೂರು, ಹಾಸನದ ಮೇಲೆ ಬೆಂಗಳೂರಿಗೆ ಓಡಾಟ. ಕೇಳುವುದು ಹಳೇ ಚಿತ್ರಗೀತೆ, ಭಾವಗೀತೆ, ಯಕ್ಷಗಾನ. ಮಗ ಜೊತೆಗಿದ್ದರೆ ಹೊಸ ಹಾಡು. ವಾಲ್ಯೂಮ್ 25 ದಾಟಿದರೆ ಕಿವಿಗೆ ಚುಚ್ಚುತ್ತದೆ. ಬೇಸ್ ಎಷ್ಟು ಏರಿಸಿದರೂ ಬರುವುದಿಲ್ಲ. ಅಂಗಡಿಯೊಂದರಲ್ಲಿ ದೊಡ್ಡ ಆಂಡ್ರಾಯ್ಡ್ ಸ್ಕ್ರೀನ್, ನಾಲ್ಕು ಸ್ಪೀಕರ್, ಆಂಪ್ಲಿಫೈಯರ್, ಡಿಕ್ಕಿಗೆ ಬೇಸ್‌ಗೋಸ್ಕರ 12 ಇಂಚಿನ ಸಬ್‌ವೂಫರ್ ಸೇರಿ 68,000 ರೂಪಾಯಿ ಎಸ್ಟಿಮೇಟ್ ಕೊಟ್ಟಿದ್ದಾರೆ. ಹಾಕಿಸಬಹುದಾ? ವಾರಂಟಿ ಹೋಗುತ್ತದಾ?

ಉತ್ತರ: ಆ ಎಸ್ಟಿಮೇಟ್‌ಗೆ ಈಗಲೇ ಅಡ್ವಾನ್ಸ್ ಕೊಡಬೇಡಿ. ನಿಮ್ಮ ಕಾರಿನ ಸೌಂಡ್ ಖಂಡಿತ ಸುಧಾರಿಸುತ್ತದೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಅದಕ್ಕೆ ಮುಖ್ಯವಾಗಿ ಬೇಕಾದ ಕೆಲಸ ಆ ಎಸ್ಟಿಮೇಟ್‌ನಲ್ಲಿ ಇಲ್ಲವೇ ಇಲ್ಲ. ಸ್ಕ್ರೀನ್ ಇದೆ, ಸ್ಪೀಕರ್ ಇದೆ, ಆಂಪ್ ಇದೆ, ಸಬ್‌ವೂಫರ್ ಇದೆ. ಡೋರ್ ಬಗ್ಗೆ ಒಂದು ಸಾಲೂ ಇಲ್ಲ. ಹಾಸನದ ನನ್ನ ವರ್ಕ್‌ಶಾಪ್‌ಗೆ ‘ಎಲ್ಲ ಬದಲಿಸಿದೆ ಸಾರ್, ಆದ್ರೂ ಸಮಾಧಾನ ಇಲ್ಲ’ ಅಂತ ಬರುವ ಕಾರುಗಳಲ್ಲಿ ನಾನು ಮೊದಲು ಬಿಚ್ಚಿ ನೋಡುವುದೇ ಡೋರ್. ಅದರ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮುಂಚೆ ಒಂದು ವಾರ ನಯಾಪೈಸೆ ಖರ್ಚಿಲ್ಲದ ಕೆಲಸ ಇದೆ. ಅದನ್ನು ಮಾಡಿ.

ನೀವು ಹಾಡನ್ನು ಎಲ್ಲಿಂದ ಹಾಕುತ್ತೀರಿ ಅಂತ ಬರೆದಿಲ್ಲ. ಬಹುಶಃ ಫೋನಿನಿಂದ, ಬ್ಲೂಟೂತ್ ಮೂಲಕ. ನಿಮ್ಮ ಕಡೆಯ ರಸ್ತೆಗಳಲ್ಲಿ ನೆಟ್‌ವರ್ಕ್ ಹೇಗೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಾಡಿನ ಆ್ಯಪ್‌ಗಳು ‘ಆಟೋಮ್ಯಾಟಿಕ್’ ಗುಣಮಟ್ಟದಲ್ಲಿ ಇರುತ್ತವೆ. ಸಿಗ್ನಲ್ ಕಡಿಮೆ ಆದ ಕೂಡಲೇ ಹಾಡಿನ ಗುಣಮಟ್ಟವನ್ನೂ ತಾವೇ ಇಳಿಸಿಕೊಳ್ಳುತ್ತವೆ. ಸ್ಪಾಟಿಫೈ ಆ್ಯಪ್‌ನಲ್ಲಿ ‘ವೆರಿ ಹೈ’ ಅಂದರೆ ಸೆಕೆಂಡಿಗೆ 320 ಕಿಲೋಬಿಟ್, ‘ಲೋ’ ಅಂದರೆ ಬರೀ 24 ಕಿಲೋಬಿಟ್. ಅಷ್ಟು ಇಳಿದಾಗ ತಾಳದ ಝಣಕಾರ ನೀರಲ್ಲಿ ಅದ್ದಿದ ಹಾಗೆ ಕೇಳುತ್ತದೆ. ಯಾವ ಸ್ಪೀಕರ್ ಹಾಕಿದರೂ ಅದು ಸರಿಹೋಗುವುದಿಲ್ಲ. ವಾಟ್ಸಾಪ್‌ನಲ್ಲಿ ಹತ್ತು ಕೈ ದಾಟಿ ಬಂದ ಹಾಡುಗಳ ಕಥೆಯೂ ಇದೇ. ಯಾರೋ ಕ್ಯಾಸೆಟ್‌ನಿಂದ ಇಳಿಸಿದ್ದು, ಇನ್ಯಾರೋ ಫೈಲ್ ಚಿಕ್ಕದಾಗಲಿ ಅಂತ ಅದನ್ನು ಮತ್ತೆ ಹಿಂಡಿದ್ದು.

ಹೋದ ವರ್ಷ ಆಲೂರಿನ ಕಡೆಯವರೊಬ್ಬರು ಸ್ಪೀಕರ್ ಹಾಕಿಸಲು ಬಂದಿದ್ದರು. ಅವರ ಪೆನ್‌ಡ್ರೈವ್‌ನಲ್ಲಿದ್ದ ಹಾಡೊಂದನ್ನು ಹಾಕಿ ಕೇಳಿದೆ. ಆಮೇಲೆ ಅದೇ ಹಾಡು ನನ್ನ ಬಳಿ ಸೀಡಿಯಿಂದ ಇಳಿಸಿದ ಫೈಲ್‌ನಲ್ಲಿತ್ತು, ಅದನ್ನು ಹಾಕಿದೆ. ಅದೇ ಕಾರು, ಅದೇ ಸ್ಪೀಕರ್. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಇದು ನನ್ನ ಗಾಡಿನೇನಾ?’ ಅಂದರು. ಆ ದಿನ ಅವರಿಂದ ಏನೂ ಖರ್ಚು ಮಾಡಿಸಲಿಲ್ಲ. ಮನೆಗೆ ಹೋಗಿ ಹಾಡುಗಳನ್ನು ಸರಿಮಾಡಿಕೊಳ್ಳಿ ಅಂತ ಹೇಳಿ ಕಳಿಸಿದೆ.

ಹಾಗಾಗಿ ನಿಮಗೆ ಇಷ್ಟವಾದ ಒಂದಿಪ್ಪತ್ತು ಹಾಡುಗಳನ್ನು ಮನೆಯ ವೈಫೈನಲ್ಲಿ ಅತಿ ಹೆಚ್ಚಿನ ಗುಣಮಟ್ಟದಲ್ಲಿ ಡೌನ್‌ಲೋಡ್ ಮಾಡಿಕೊಳ್ಳಿ. ಫೋನನ್ನು ಕೇಬಲ್ ಹಾಕಿ ಕಾರಿಗೆ ಜೋಡಿಸಿ. ಕೇಬಲ್ ಹಾಕಿದರೆ ಬ್ಲೂಟೂತ್ ಮಾಡುವ ಇನ್ನೊಂದು ಸುತ್ತಿನ ಹಿಂಡುವಿಕೆ ತಪ್ಪುತ್ತದೆ. ಬ್ಲೂಟೂತ್‌ನಲ್ಲೇ ಕೇಳುವುದಾದರೆ ಫೋನಿನ ವಾಲ್ಯೂಮ್ ಪೂರ್ತಿ ಏರಿಸಿ, ಕಾರಿನದನ್ನು ಬೇಕಾದಷ್ಟಕ್ಕೆ ಇಟ್ಟುಕೊಳ್ಳಿ. ಎಷ್ಟೋ ಜನ ಫೋನನ್ನು ಅರ್ಧಕ್ಕೆ ಇಟ್ಟು ಕಾರಿನ ವಾಲ್ಯೂಮನ್ನು ಕೊನೆವರೆಗೂ ತಿರುಗಿಸುತ್ತಾರೆ. ಆಗ ಹಾಡಿನ ಜೊತೆ ಗೊರಗೊರ ಸದ್ದೂ ಜಾಸ್ತಿ ಆಗುತ್ತದೆ.

ಇನ್ನು ಆ ಚುಚ್ಚುವ ವಿಷಯ. ನೀವು ‘ಬೇಸ್ ಎಷ್ಟು ಏರಿಸಿದರೂ’ ಅಂತ ಬರೆದಿದ್ದೀರಲ್ಲ, ನನಗೆ ಅಲ್ಲೇ ಸುಳಿವು ಸಿಕ್ಕಿತು. ಬೇಸ್ ಅನ್ನು 6 ಡೆಸಿಬೆಲ್ ಏರಿಸಿದರೆ ಆ ಸ್ವರಗಳಿಗೆ ಆಂಪ್ಲಿಫೈಯರ್ ನಾಲ್ಕು ಪಟ್ಟು ಶಕ್ತಿ ಕೊಡಬೇಕು. 10 ಡೆಸಿಬೆಲ್ ಏರಿಸಿದರೆ ಹತ್ತು ಪಟ್ಟು. ಸ್ಕ್ರೀನಿನ ಹಿಂದೆ ಕೂತಿರುವ ಪುಟ್ಟ ಆಂಪ್‌ಗೆ ಅಷ್ಟು ಶಕ್ತಿ ಇಲ್ಲ. ಅದರ ಮಿತಿ ಮುಗಿದಾಗ ಧ್ವನಿಯ ಅಲೆಯ ತಲೆಯನ್ನು ಕತ್ತರಿಸಿಬಿಡುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಅನ್ನುತ್ತೇವೆ. ಹಾಗೆ ಕತ್ತರಿಸಿದ ಅಲೆಯಲ್ಲಿ ಮೂಲ ಹಾಡಿನಲ್ಲಿ ಇಲ್ಲದ ಕರ್ಕಶ ಸ್ವರಗಳು ಹುಟ್ಟುತ್ತವೆ. ಕಿವಿಗೆ ಚುಚ್ಚುವುದು ಅದೇ. ಟ್ವೀಟರ್ ಸುಟ್ಟುಹೋಗುವುದಕ್ಕೂ ಇದೇ ದಾರಿ. ಯಕ್ಷಗಾನದ ಚೆಂಡೆ ಬಿದ್ದಾಗ ಇನ್ನೂ ಜಾಸ್ತಿ ಚುಚ್ಚಿರಬೇಕು, ಅಲ್ವಾ? ಚೆಂಡೆಯ ಪೆಟ್ಟು ಥಟ್ಟನೆ ಏಳುತ್ತದೆ. ಆ ಒಂದು ಕ್ಷಣಕ್ಕೆ ಆಂಪ್ ಬಳಿ ಶಕ್ತಿ ಉಳಿದಿರಬೇಕು. ಅದನ್ನೆಲ್ಲ ಬೇಸ್ ಮೊದಲೇ ತಿಂದುಬಿಟ್ಟಿರುತ್ತದೆ.

ಈಕ್ವಲೈಸರ್ ತೆರೆದು ಎಲ್ಲವನ್ನೂ ಸೊನ್ನೆಗೆ ತನ್ನಿ. ‘ಬೇಸ್ ಬೂಸ್ಟ್’, ‘ಲೌಡ್‌ನೆಸ್’, ‘ರಾಕ್’, ‘ಪಾಪ್’ ಎಲ್ಲ ಆಫ್ ಮಾಡಿ. ಹಿಂದೆ, ಮುಂದೆ ಧ್ವನಿ ಹಂಚುವ ಫೇಡರ್ ಅನ್ನು ಮುಂದಿನ ಸ್ಪೀಕರ್ ಕಡೆಗೆ ಸ್ವಲ್ಪ ಸರಿಸಿ. ಮೊದಲ ದಿನ ಸಪ್ಪೆ ಅನ್ನಿಸುತ್ತದೆ. ಮೂರನೇ ದಿನಕ್ಕೆ ಕಿವಿ ಹೊಂದಿಕೊಳ್ಳುತ್ತದೆ. ಆಮೇಲೆ ಬೇಕಿದ್ದರೆ ಬೇಸ್ ಒಂದೆರಡು ಹೆಜ್ಜೆ ಏರಿಸಿ, ಸಾಕು.

ಈ ಒಂದು ವಾರದಲ್ಲೇ ನಿಮ್ಮ ಅರ್ಧ ತೊಂದರೆ ಕಡಿಮೆ ಆದರೂ ಆಗಬಹುದು. ಪೂರ್ತಿ ಹೋಗುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅಂಗಡಿಯವರು ತೋರಿಸಿದ ಹೊಸ ಸ್ಕ್ರೀನಿನ ಡಬ್ಬದ ಮೇಲೆ ‘50 ವ್ಯಾಟ್ × 4’ ಅಂತ ಬರೆದಿದ್ದರೆ ಆ ಲೆಕ್ಕವನ್ನು ಒಮ್ಮೆ ನಾವೇ ಮಾಡೋಣ. ಇಂಜಿನ್ ಓಡುವಾಗ ಕಾರಿನ ವಿದ್ಯುತ್ ಹೆಚ್ಚೆಂದರೆ ಸುಮಾರು 14.4 ವೋಲ್ಟ್. ಸ್ಪೀಕರ್ ಆ ವಿದ್ಯುತ್ತಿಗೆ ಒಡ್ಡುವ ತಡೆ 4 ಓಮ್. 14.4 ಅನ್ನು 14.4ರಿಂದಲೇ ಗುಣಿಸಿ 4ರಿಂದ ಭಾಗಿಸಿದರೆ ಹತ್ತಿರ ಹತ್ತಿರ 52 ವ್ಯಾಟ್ ಬರುತ್ತದೆ. ‘50 ವ್ಯಾಟ್’ ಹುಟ್ಟುವುದು ಇಲ್ಲಿಂದಲೇ. ಆದರೆ ಅಲೆ ಪೂರ್ತಿ ಚೌಕವಾಗಿ ಕತ್ತರಿಸಿಹೋದಾಗ ಮಾತ್ರ ಅಷ್ಟು ಸಿಗುತ್ತದೆ. ಅಂದರೆ ಕೇಳಲಾಗದಷ್ಟು ಕೆಟ್ಟಾಗ. ಶುದ್ಧ ಸ್ವರಕ್ಕೆ ಲೆಕ್ಕದ ಪ್ರಕಾರವೇ ಅದರಲ್ಲಿ ಅರ್ಧ, 26 ವ್ಯಾಟ್. ಆಂಪ್ ಒಳಗೇ ಕಳೆದುಹೋಗುವುದನ್ನು ತೆಗೆದರೆ 15ರಿಂದ 20 ವ್ಯಾಟ್. ನಿಮ್ಮ ಕಂಪನಿ ಸ್ಕ್ರೀನ್ ಈಗ ಕೊಡುತ್ತಿರುವುದೂ ಹೆಚ್ಚುಕಡಿಮೆ ಅಷ್ಟೇ. ಹೊಸ ಸ್ಕ್ರೀನ್ ಹಾಕಿದರೆ ಚಿತ್ರ ದೊಡ್ಡದಾಗುತ್ತದೆ, ಶಕ್ತಿ ಅಲ್ಲೇ ನಿಲ್ಲುತ್ತದೆ. ಜೊತೆಗೆ ಸ್ಟೀರಿಂಗ್ ಮೇಲಿನ ಬಟನ್, ಹಿಂದಿನ ಕ್ಯಾಮೆರಾ, ಮೈಕ್ ಎಲ್ಲವನ್ನೂ ಮತ್ತೆ ಹೊಂದಿಸಬೇಕು. ಸೌಂಡ್‌ಗೋಸ್ಕರ ಸ್ಕ್ರೀನ್ ಬದಲಿಸುವ ಅಗತ್ಯ ನಿಮಗಿಲ್ಲ. ಎಸ್ಟಿಮೇಟ್‌ನ ಮೊದಲ ಸಾಲನ್ನು ಹೊಡೆದುಹಾಕಿ.

ಈಗ ಡೋರ್.

ಮುಂದಿನ ಡೋರ್‌ನ ಹೊರಗಿನ ತಗಡನ್ನು ನಡುವೆ ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಿ. ನಿಮ್ಮ ಕಾರಿನಲ್ಲಿ ‘ಟಣ್’ ಅನ್ನುತ್ತದೆ, ಖಾಲಿ ಎಣ್ಣೆ ಡಬ್ಬದ ಹಾಗೆ. ಆಮೇಲೆ ಮನೆಯ ಬೀಟೆ ಮರದ ಬಾಗಿಲನ್ನೋ ತೇಗದ ಬಾಗಿಲನ್ನೋ ತಟ್ಟಿ ನೋಡಿ. ‘ಧಬ್’ ಅನ್ನುತ್ತದೆ. ಸ್ಪೀಕರ್ ಕೂರಬೇಕಾದದ್ದು ‘ಧಬ್’ ಅನ್ನುವ ಜಾಗದಲ್ಲಿ. ಮನೆಯ ಸ್ಪೀಕರ್‌ಗಳನ್ನು ಮರದ ಪೆಟ್ಟಿಗೆಯಲ್ಲಿ ಕೂರಿಸುತ್ತಾರೆ. ಕಾರಿನಲ್ಲಿ ಆ ಪೆಟ್ಟಿಗೆಯ ಕೆಲಸ ಮಾಡಬೇಕಾದದ್ದು ಡೋರ್. ಅದು ತೆಳು ತಗಡು. ಸ್ಪೀಕರ್ ಜೊತೆ ತಾನೂ ನಡುಗುತ್ತದೆ, ತನ್ನದೇ ಒಂದು ರಾಗ ಸೇರಿಸುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ಒಳಗಿದೆ. ಡೋರ್‌ನ ಒಳಪ್ಯಾನೆಲ್ ಬಿಚ್ಚಿದರೆ ಒಳಗಿನ ತಗಡಿನಲ್ಲಿ ಅಂಗೈ ಅಗಲದ, ಕೆಲವು ಕಡೆ ಅದಕ್ಕಿಂತ ದೊಡ್ಡ ತೂತುಗಳು ಕಾಣುತ್ತವೆ. ಗ್ಲಾಸ್ ಮೋಟಾರ್ ರಿಪೇರಿಗೆ ಬಿಟ್ಟ ತೂತುಗಳು ಅವು. ಮೇಲೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ, ಅಷ್ಟೇ. ಸ್ಪೀಕರ್‌ನ ಕೋನ್ ಮುಂದಕ್ಕೆ ಬಂದಾಗ ಎದುರಿನ ಗಾಳಿಯನ್ನು ತಳ್ಳುತ್ತದೆ. ಅದೇ ಹೊತ್ತಿಗೆ ಹಿಂದಿನ ಗಾಳಿಯನ್ನು ಎಳೆಯುತ್ತದೆ. ಮುಂದಿನ ಅಲೆ, ಹಿಂದಿನ ಅಲೆ ಒಂದಕ್ಕೊಂದು ತದ್ವಿರುದ್ಧ. ಎರಡೂ ಆ ತೂತುಗಳ ಮೂಲಕ ಸೇರಿದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಹೀಗೆ ಅಳಿಸಿಹೋಗುವುದು ಕೆಳಸ್ವರಗಳೇ. 80 ಹರ್ಟ್ಜ್‌ನ, ಅಂದರೆ ಸೆಕೆಂಡಿಗೆ 80 ಸಲ ನಡುಗುವ ಅಲೆ 4 ಮೀಟರ್‌ಗಿಂತ ಉದ್ದ ಇರುತ್ತದೆ, ಆ ತೂತು ಅದಕ್ಕೆ ಒಂದು ಅಡ್ಡಿಯೇ ಅಲ್ಲ. 3,000 ಹರ್ಟ್ಜ್‌ನ ಅಲೆ ಸುಮಾರು 11 ಸೆಂಟಿಮೀಟರ್. ಅದು ನೇರ ನಿಮ್ಮ ಕಡೆಗೆ ಬರುತ್ತದೆ. ಹಾಗಾಗಿ ಬೇಸ್ ಮಾಯ ಆಗುತ್ತದೆ, ಕೀರಲು ಉಳಿಯುತ್ತದೆ. ಮದ್ದಳೆಯ ಹೊಟ್ಟೆಗೆ ತೂತು ಬಿದ್ದರೆ ಭಾಗವತರು ಹೊಸ ಚರ್ಮ ಹಾಕಿಸುತ್ತಾರಾ? ಮೊದಲು ತೂತು ಮುಚ್ಚಿಸುತ್ತಾರೆ. ಬರೀ ಸ್ಪೀಕರ್ ಬದಲಿಸುವುದು ಹೊಸ ಚರ್ಮ ಹಾಕಿಸಿದ ಹಾಗೆ.

ಇದಕ್ಕೆ ಮಾಡುವ ಕೆಲಸಕ್ಕೆ ಡ್ಯಾಂಪಿಂಗ್ ಅನ್ನುತ್ತಾರೆ. ಒಂದು ಕಡೆ ಅಲ್ಯೂಮಿನಿಯಂ ಹಾಳೆ, ಇನ್ನೊಂದು ಕಡೆ ಅಂಟುವ ಬ್ಯುಟೈಲ್ ರಬ್ಬರ್ ಇರುವ ಶೀಟುಗಳು ಸಿಗುತ್ತವೆ, ಸುಮಾರು 2 ಮಿಲಿಮೀಟರ್ ದಪ್ಪ. ಮೊದಲು ತೂತಿನೊಳಗಿಂದ ಕೈ ಹಾಕಿ ಹೊರತಗಡಿನ ಒಳಮೈಗೆ ಅಂಟಿಸಬೇಕು. ಪೂರ್ತಿ ಮುಚ್ಚಬೇಕಿಲ್ಲ. ಕಾಲು ಭಾಗದಿಂದ ಅರ್ಧದಷ್ಟು ಮುಚ್ಚಿದರೂ ‘ಟಣ್’ ಹೋಗುತ್ತದೆ. ಆಮೇಲೆ ಒಳತಗಡಿನ ದೊಡ್ಡ ತೂತುಗಳನ್ನು ಮುಚ್ಚಬೇಕು. ಸ್ಪೀಕರ್ ಕೂರುವ ಜಾಗಕ್ಕೆ ಗಟ್ಟಿ ರಿಂಗ್ ಹಾಕಿ, ಸುತ್ತ ಗಾಳಿ ನುಸುಳದ ಹಾಗೆ ಫೋಮ್ ಕೊಡಬೇಕು. ಪ್ಯಾನೆಲ್ ಕ್ಲಿಪ್‌ಗಳಿಗೂ ಒಳಗಿನ ವೈರ್‌ಗಳಿಗೂ ಬಟ್ಟೆಯ ಟೇಪ್ ಸುತ್ತಬೇಕು. ಇಲ್ಲದಿದ್ದರೆ ಬೇಸ್ ಬಂದಾಗ ಕಟಕಟ ಅನ್ನುತ್ತವೆ. ಎರಡು ಡೋರ್‌ಗೆ ಹುಷಾರಾಗಿ ಮಾಡಿದರೆ ಅರ್ಧ ದಿನಕ್ಕಿಂತ ಜಾಸ್ತಿ ಹಿಡಿಯುತ್ತದೆ. ‘ಒಂದು ಗಂಟೆಯಲ್ಲಿ ಮುಗಿಸ್ತೀವಿ’ ಅಂದರೆ ಬೇರೆ ಕಡೆ ಹೋಗಿ.

ಕಡಿಮೆ ಬೆಲೆಗೆ ಟಾರಿನಂಥ ಬಿಟುಮಿನ್ ಶೀಟನ್ನು ಕೊಡುವವರಿದ್ದಾರೆ. ಬೇಡ. ಬಿಸಿಲಿಗೆ ವಾಸನೆ ಬರುತ್ತದೆ, ಅಂಟು ಬಿಟ್ಟು ಡೋರ್‌ನ ತಳಕ್ಕೆ ಬೀಳುತ್ತದೆ.

ಮಲೆನಾಡಿನವರಿಗೆ ಇದರಲ್ಲಿ ಇನ್ನೊಂದು ವಿಷಯ ಇದೆ. ಇದನ್ನು ದಯವಿಟ್ಟು ಎರಡು ಸಲ ಓದಿ. ಮಳೆ ನೀರು ಗ್ಲಾಸ್ ಪಕ್ಕದ ಬೀಡಿಂಗ್ ದಾಟಿ ಡೋರ್ ಒಳಗೆ ಬಂದೇ ಬರುತ್ತದೆ. ಎಲ್ಲ ಕಾರುಗಳಲ್ಲೂ ಬರುತ್ತದೆ, ಕಾರು ಮಾಡಿದವರಿಗೂ ಅದು ಗೊತ್ತು. ಅದಕ್ಕೇ ಡೋರ್‌ನ ತಳದ ಅಂಚಿನಲ್ಲಿ ನೀರು ಹೋಗಲು ಸಣ್ಣ ಸಣ್ಣ ಕಿಂಡಿ ಬಿಟ್ಟಿರುತ್ತಾರೆ. ಡ್ಯಾಂಪಿಂಗ್ ಮಾಡುವವರು ಅವಸರದಲ್ಲಿ ಆ ಕಿಂಡಿಗಳ ಮೇಲೂ ಶೀಟ್ ಅಂಟಿಸಿಬಿಟ್ಟರೆ ನೀರು ಒಳಗೇ ನಿಲ್ಲುತ್ತದೆ. ಆಲ್ದೂರಿನ ಕಡೆಯ ಕಾರೊಂದು ಮಳೆಗಾಲ ಮುಗಿದ ಮೇಲೆ ನನ್ನ ಹತ್ತಿರ ಬಂತು. ಡೋರ್ ಮುಚ್ಚಿದರೆ ಬಿಂದಿಗೆ ಅಲ್ಲಾಡಿಸಿದ ಹಾಗೆ ಗುಳುಗುಳು ಸದ್ದು. ಬಿಚ್ಚಿದರೆ ಸ್ಪೀಕರ್‌ನ ಕೆಳಗಿನ ಅಂಚಿನವರೆಗೆ ನೀರು ನಿಂತಿತ್ತು. ಕೋನ್ ಕೊಳೆತಿತ್ತು, ಡೋರ್‌ನ ತಳದ ಮಡಿಕೆಯಲ್ಲಿ ತುಕ್ಕು ಹಿಡಿದಿತ್ತು. ಸ್ಪೀಕರ್ ಹೊಸದು ತರಬಹುದು. ಡೋರ್‌ನ ತುಕ್ಕು ಒಮ್ಮೆ ಶುರುವಾದರೆ ಕಾರು ಇರುವವರೆಗೂ ಬಿಡುವುದಿಲ್ಲ. ಕಿಂಡಿ ಮುಚ್ಚಬಾರದು ಅಂತ ಬಾಯಲ್ಲಿ ಹೇಳಿ ಬರಬೇಡಿ. ಪ್ಯಾನೆಲ್ ಹಾಕುವ ಮುಂಚೆ ನೀವೇ ಬಗ್ಗಿ ನೋಡಿ, ಫೋಟೋ ತೆಗೆದುಕೊಳ್ಳಿ. ಸ್ಪೀಕರ್‌ನ ಹಿಂಭಾಗಕ್ಕೆ ಮೇಲಿನಿಂದ ಹನಿ ಬೀಳದ ಹಾಗೆ ಒಂದು ಸಣ್ಣ ಮಾಡು ಕೊಡಿ ಅಂತಲೂ ಕೇಳಿ. ಪೇಪರ್ ಕೋನ್‌ಗಿಂತ ಪಾಲಿಪ್ರೊಪಿಲೀನ್ ಕೋನ್ ನಿಮ್ಮ ಮಳೆಗೆ ಚೆನ್ನಾಗಿ ತಡೆಯುತ್ತದೆ.

ಡೋರ್ ಬಿಚ್ಚುವ ಮೊದಲು ಕಾರಿನ ಮ್ಯಾನುಯಲ್ ಕೂಡ ತೆಗೆದು ನೋಡಿ. ಕೆಲವು ಕಾರುಗಳಲ್ಲಿ ಪಕ್ಕದಿಂದ ಗುದ್ದಿದ್ದನ್ನು ಗುರುತಿಸಲು ಡೋರ್ ಒಳಗಿನ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಗುದ್ದಿದಾಗ ಒಳಗಿನ ಒತ್ತಡ ಥಟ್ಟನೆ ಏರುತ್ತದೆ, ಅದನ್ನು ನೋಡಿ ಪಕ್ಕದ ಏರ್‌ಬ್ಯಾಗ್ ತೆರೆದುಕೊಳ್ಳುತ್ತದೆ. ಅಂಥ ಕಾರಿನಲ್ಲಿ ಡೋರ್‌ನ ತೂತುಗಳನ್ನು ಮನಸ್ಸಿಗೆ ಬಂದ ಹಾಗೆ ಮುಚ್ಚುವುದಾಗಲಿ, ಹೊಸ ತೂತು ಕೊರೆಯುವುದಾಗಲಿ ಕೂಡದು. ನಿಮ್ಮ ಕಾರಿನಲ್ಲಿ ಅಂಥ ಸೆನ್ಸರ್ ಇದ್ದರೆ ಹೊರತಗಡಿಗೆ ಶೀಟ್ ಅಂಟಿಸುವುದಕ್ಕೂ ಮೊದಲು ಸರ್ವಿಸ್ ಸೆಂಟರ್‌ನಲ್ಲಿ ಕೇಳಿ. ಮುಂದಿನ ಗ್ಲಾಸ್ ಪಕ್ಕದ ಕಂಬದ ಮೇಲೆ ‘ಏರ್‌ಬ್ಯಾಗ್’ ಅಂತ ಬರೆದಿದ್ದರೆ ಅಲ್ಲಿ ಟ್ವೀಟರ್‌ಗೆ ಡ್ರಿಲ್ ಹಾಕಿಸಲೇಬೇಡಿ. ಕಂಪನಿ ಟ್ವೀಟರ್ ಕೂತಿರುವ ಜಾಗದಲ್ಲೇ ಹೊಸದನ್ನು ಕೂರಿಸಲಿ.

ಸ್ಪೀಕರ್ ಯಾವುದು ಅಂದರೆ, ಮುಂದಿನ ಎರಡು ಡೋರ್‌ಗೆ ಮಾತ್ರ ಒಂದು ಕಾಂಪೊನೆಂಟ್ ಸೆಟ್ ತೆಗೆದುಕೊಳ್ಳಿ. ಅದರಲ್ಲಿ ಕೆಳಸ್ವರ, ನಡುಸ್ವರದ ವೂಫರ್ ಬೇರೆ, ಟ್ವೀಟರ್ ಬೇರೆ, ಎರಡಕ್ಕೂ ಸ್ವರ ಹಂಚಿಕೊಡುವ ಕ್ರಾಸ್‌ಓವರ್ ಇರುತ್ತದೆ. ಪಯೋನಿಯರ್, ಜೆಬಿಎಲ್, ಸೋನಿ, ಹರ್ಟ್ಜ್, ಫೋಕಲ್ ಹೀಗೆ ಹಲವರು ಮಾಡುತ್ತಾರೆ. ಹೆಸರಿಗಿಂತ ಡಬ್ಬದ ಹಿಂದಿನ ಎರಡು ಅಂಕಿ ಮುಖ್ಯ. ಒಂದು, ‘ಆರ್‌ಎಂಎಸ್’ ವ್ಯಾಟ್, ಅಂದರೆ ಸ್ಪೀಕರ್ ಒಂದೇ ಸಮನೆ ತಡೆದುಕೊಳ್ಳುವ ಶಕ್ತಿ. ಮುಂದೆ ದಪ್ಪ ಅಕ್ಷರದಲ್ಲಿ ಬರೆದ 250, 300 ವ್ಯಾಟ್ ‘ಮ್ಯಾಕ್ಸ್’ ಲೆಕ್ಕಕ್ಕಿಲ್ಲ. ಎರಡನೆಯದು, ‘ಸೆನ್ಸಿಟಿವಿಟಿ’, ಡೆಸಿಬೆಲ್‌ನಲ್ಲಿ ಇರುತ್ತದೆ. ಇದನ್ನು ಯಾರೂ ನೋಡುವುದಿಲ್ಲ. ಅದೇ ಶಕ್ತಿಗೆ 3 ಡೆಸಿಬೆಲ್ ಜಾಸ್ತಿ ಕೊಡುವ ಸ್ಪೀಕರ್ ಅಂದರೆ ಆಂಪ್‌ನ ಶಕ್ತಿ ಎರಡು ಪಟ್ಟು ಮಾಡಿದ ಹಾಗೆ. ನಿಮಗೆ ಸದ್ಯ ಸಿಗುವುದು 15, 20 ವ್ಯಾಟ್. ಅದಕ್ಕೆ 90 ಡೆಸಿಬೆಲ್‌ಗಿಂತ ಮೇಲಿನದ್ದು ಹುಡುಕಿ. ಭಾರದ ಕೋನ್ ಇರುವ ದುಬಾರಿ ಸ್ಪೀಕರ್ ಅಷ್ಟು ಶಕ್ತಿಗೆ ಏಳುವುದೇ ಇಲ್ಲ. 20,000 ಕೊಟ್ಟು ಹಾಕಿಸಿ ಮೊದಲಿಗಿಂತ ಸಣ್ಣಗೆ ಕೇಳುತ್ತದೆ ಅಂತ ಬೇಸರ ಪಟ್ಟವರನ್ನು ನೋಡಿದ್ದೇನೆ. ಕಂಪನಿ ಸ್ಪೀಕರ್ ಎಷ್ಟು ಓಮ್ ಅಂತಲೂ ಅಳೆಸಿ. ಅದು 2 ಓಮ್ ಇದ್ದು ಹೊಸದು 4 ಓಮ್ ಆದರೆ ಸಿಗುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಗ್ಲಾಸ್ ಪೂರ್ತಿ ಇಳಿಸಿದಾಗ ಸ್ಪೀಕರ್‌ನ ಬೆನ್ನಿಗೆ ತಾಗದಷ್ಟು ಆಳ ಇದೆಯಾ ಅಂತ ಕೂರಿಸುವ ಮುಂಚೆಯೇ ನೋಡಲಿ.

ಹಿಂದಿನ ಎರಡು ಸ್ಪೀಕರ್‌ಗಳನ್ನು ಮುಟ್ಟಬೇಡಿ. ಹಾಡುವವರು ಎದುರಿಗಿರಬೇಕು, ಬೆನ್ನ ಹಿಂದೆ ಅಲ್ಲ. ಹಿಂದೆ ಕೂತವರಿಗೆ ಈಗ ಇರುವುದೇ ಸಾಕು.

ನಿಮ್ಮದು ಬೋಸ್, ಹರ್ಮನ್, ಸೋನಿ ಹೆಸರು ಹೊತ್ತ, ಕಂಪನಿಯೇ ಪ್ರತ್ಯೇಕ ಆಂಪ್ ಹಾಕಿ ಕೊಟ್ಟ ಮೇಲಿನ ವೇರಿಯಂಟ್ ಆಗಿದ್ದರೆ ನನ್ನ ಉತ್ತರ ಬೇರೆಯೇ ಇರುತ್ತಿತ್ತು. ಅಲ್ಲಿ ಆಂಪ್‌ಗೂ ಸ್ಪೀಕರ್‌ಗೂ ಜೋಡಿ ಹೊಂದಿಸಿರುತ್ತಾರೆ. ಒಂದನ್ನು ಮಾತ್ರ ಬದಲಿಸಿದರೆ ಇನ್ನೊಂದು ಕೆಡುತ್ತದೆ. ಅಂಥ ಕಾರಿಗೆ ನಾನು ಡೋರ್ ಕೆಲಸ ಬಿಟ್ಟು ಬೇರೇನೂ ಮಾಡುವುದಿಲ್ಲ.

ಹಾಡುಗಳ ಬಗ್ಗೆ ಒಂದು ಮಾತು. ಇದನ್ನು ಹೇಳದೆ ದುಡ್ಡು ಖರ್ಚು ಮಾಡಿಸುವುದು ಸರಿಯಲ್ಲ. 60, 70ರ ದಶಕದ ನಮ್ಮ ಚಿತ್ರಗೀತೆಗಳು ಹೆಚ್ಚಿನವು ಮೊನೊ. ಎಡಕ್ಕೂ ಬಲಕ್ಕೂ ಒಂದೇ ಧ್ವನಿ. ತೀರಾ ಕೆಳಸ್ವರವಾಗಲಿ, ತೀರಾ ಮೇಲುಸ್ವರವಾಗಲಿ ಆ ರೆಕಾರ್ಡಿಂಗ್‌ಗಳಲ್ಲಿ ಜಾಸ್ತಿ ಇಲ್ಲ. ಅವುಗಳ ಜೀವ ಇರುವುದು ನಡುವಿನಲ್ಲಿ. ಗಂಟಲು, ಪಿಟೀಲು, ತಬಲಾ, ಕೊಳಲು. ಒಳ್ಳೆಯ ಡೋರ್‌ನಲ್ಲಿ ಕೂತ ಒಳ್ಳೆಯ 6.5 ಇಂಚಿನ ಸ್ಪೀಕರ್ ಅದನ್ನು ಬಹಳ ಚೆನ್ನಾಗಿ ಕೊಡುತ್ತದೆ. ಗಾಯಕರು ಉಸಿರು ತೆಗೆದುಕೊಳ್ಳುವುದು ಕೇಳುತ್ತದೆ. ಜೊತೆಗೆ ಹಳೇ ಟೇಪಿನ ಸುಯ್ ಅನ್ನುವ ಸದ್ದೂ ಮೊದಲಿಗಿಂತ ಸ್ಪಷ್ಟವಾಗಿ ಕೇಳುತ್ತದೆ, ಅದಕ್ಕೆ ತಯಾರಾಗಿರಿ. 12 ಇಂಚಿನ ಸಬ್‌ವೂಫರ್‌ಗೆ ಈ ಹಾಡುಗಳಲ್ಲಿ ಕೆಲಸವೇ ಇಲ್ಲ. ಡಿಕ್ಕಿಯ ಅರ್ಧ ಜಾಗ ಹೋಗುತ್ತದೆ. ತೋಟದವರಿಗೆ ಡಿಕ್ಕಿ ಎಷ್ಟು ಬೇಕು ಅಂತ ನಾನು ಹೇಳಬೇಕಾ? ಮಗನ ಹಾಡುಗಳಿಗೆ ಬೇಕೇ ಬೇಕು ಅನ್ನಿಸಿದರೆ ಸೀಟಿನ ಕೆಳಗೆ ಕೂರುವ, ಆಂಪ್ ಒಳಗೇ ಇರುವ 8 ಇಂಚಿನ ಸಬ್‌ವೂಫರ್ ಆಮೇಲೆ ಯಾವಾಗ ಬೇಕಾದರೂ ಸೇರಿಸಬಹುದು. ಅದನ್ನು 80 ಹರ್ಟ್ಜ್‌ಗಿಂತ ಕೆಳಗೆ ಮಾತ್ರ ಹಾಡುವ ಹಾಗೆ ಹೊಂದಿಸಿ.

ಡೋರ್ ಕೆಲಸ, ಮುಂದಿನ ಸ್ಪೀಕರ್ ಎರಡೂ ಸೇರಿ ನಮ್ಮ ಹಾಸನ, ಚಿಕ್ಕಮಗಳೂರು ಕಡೆ 20,000 ರೂಪಾಯಿ ಆಸುಪಾಸಿನಲ್ಲಿ ಅಚ್ಚುಕಟ್ಟಾಗಿ ಮುಗಿಸಬಹುದು. ಅಷ್ಟು ಮಾಡಿಸಿ ಎರಡು ತಿಂಗಳು ಕೇಳಿ. ಬೆಂಗಳೂರಿಗೆ ಎರಡು ಸಲ ಹೋಗಿ ಬನ್ನಿ. ಮೂಡಿಗೆರೆ, ಚಿಕ್ಕಮಗಳೂರು ನಡುವಿನ ಸುಮಾರು 30 ಕಿಲೋಮೀಟರ್‌ನಲ್ಲಿ ನಿಮ್ಮ ವೇಗ ಕಡಿಮೆ, ಕಾರಿನ ಸದ್ದೂ ಕಡಿಮೆ. ಹಾಸನ ದಾಟಿ ಚನ್ನರಾಯಪಟ್ಟಣದ ಕಡೆಗೆ ಹೆದ್ದಾರಿ ಹಿಡಿದ ಮೇಲೆ ಕಥೆ ಬೇರೆ. ಟೈರಿನ ಸದ್ದು ಹೆಚ್ಚಾಗಿ ಕೆಳಸ್ವರದ್ದೇ, ಅದು ಬೇಸ್ ಅನ್ನು ನುಂಗಿಬಿಡುತ್ತದೆ. ಊರಲ್ಲಿ ಚೆನ್ನಾಗಿ ಕೇಳಿದ ಹಾಡು ಅಲ್ಲಿ ತೆಳ್ಳಗಾಗುತ್ತದೆ. ಟೈರ್ ಸವೆದಿದ್ದರೆ, ಗಾಳಿ ಜಾಸ್ತಿ ತುಂಬಿದ್ದರೆ ಇನ್ನೂ ಹೆಚ್ಚು. ಡೋರ್‌ಗೆ ಹಾಕಿದ ಶೀಟ್ ಈ ಸದ್ದನ್ನೂ ಸ್ವಲ್ಪ ತಡೆಯುತ್ತದೆ.

ಅಷ್ಟಾದ ಮೇಲೂ ಹೆದ್ದಾರಿಯಲ್ಲಿ ಸಾಲದು ಅನ್ನಿಸಿದರೆ ಆಗ ಆಂಪ್ ಯೋಚಿಸಿ. ಸ್ಕ್ರೀನ್ ಬದಲಿಸದೆ, ಸ್ಪೀಕರ್ ವೈರ್‌ನಿಂದಲೇ ಸಿಗ್ನಲ್ ತೆಗೆದುಕೊಳ್ಳುವ, ಒಳಗೇ ಡಿಎಸ್‌ಪಿ (ಧ್ವನಿಯನ್ನು ತಿದ್ದಿ ಹೊಂದಿಸುವ ಡಿಜಿಟಲ್ ಚಿಪ್) ಇರುವ ಸಣ್ಣ ನಾಲ್ಕು ಚಾನೆಲ್ ಆಂಪ್‌ಗಳು ಸಿಗುತ್ತವೆ. ಶಕ್ತಿ ಸಿಗುವುದು ಒಂದು ಲಾಭ. ಡಿಎಸ್‌ಪಿ ಮಾಡುವ ಕೆಲಸ ನನಗೆ ಅದಕ್ಕಿಂತ ಇಷ್ಟ. ನೀವು ಕೂರುವುದು ಬಲಗಡೆ. ಬಲಗಡೆಯ ಸ್ಪೀಕರ್ ಹತ್ತಿರ, ಎಡಗಡೆಯದ್ದು ದೂರ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ 34 ಸೆಂಟಿಮೀಟರ್‌ಗೆ ಒಂದು ಮಿಲಿಸೆಕೆಂಡ್. ಬಲದ ಧ್ವನಿ ಒಂದೂವರೆ ಮಿಲಿಸೆಕೆಂಡ್ ಮೊದಲು ಬಂದರೂ ಸಾಕು, ಹಾಡುವವರು ನಿಮ್ಮ ಬಲಮೊಣಕಾಲಿನ ಹತ್ತಿರ ಕೂತ ಹಾಗೆ ಕೇಳುತ್ತದೆ. ಡಿಎಸ್‌ಪಿ ಬಲದ ಸ್ಪೀಕರನ್ನು ಅಷ್ಟು ಹೊತ್ತು ತಡೆದು ಬಿಡುತ್ತದೆ. ಆಗ ಧ್ವನಿ ಡ್ಯಾಶ್‌ಬೋರ್ಡ್ ನಡುವಿಗೆ ಬಂದು ಕೂರುತ್ತದೆ. ಮೊದಲ ಸಲ ಕೇಳಿದವರ ಮುಖ ನೋಡುವುದೇ ನನ್ನ ಕೆಲಸದ ದೊಡ್ಡ ಸಂತೋಷ. ನಿಮ್ಮ ಈಗಿನ ಸ್ಕ್ರೀನಿನ ಸೆಟ್ಟಿಂಗ್‌ನಲ್ಲೇ ‘ಡ್ರೈವರ್’ ಅನ್ನುವ ಆಯ್ಕೆ ಇದ್ದರೂ ಇರಬಹುದು. ಇವತ್ತೇ ಹುಡುಕಿ.

ಆಂಪ್ ಹಾಕಿಸುವ ದಿನ ಬಂದರೆ ಬ್ಯಾಟರಿಯಿಂದ ಬರುವ ವೈರ್‌ಗೆ, ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇರಲೇಬೇಕು. ಆ ವೈರ್ ತಗಡಿಗೆ ಉಜ್ಜಿ ಶಾರ್ಟ್ ಆದರೆ ಬೆಂಕಿ ಹತ್ತದಂತೆ ತಡೆಯುವುದು ಆ ಫ್ಯೂಸ್ ಒಂದೇ. ಇದರಲ್ಲಿ ಚೌಕಾಸಿ ಬೇಡ. ಸಣ್ಣ ಪೆಟ್ರೋಲ್ ಕಾರುಗಳ ಬ್ಯಾಟರಿ 35 ಆಂಪಿಯರ್-ಅವರ್ ಆಸುಪಾಸಿನದ್ದು. ಇಂಜಿನ್ ಆಫ್ ಮಾಡಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಮುಗಿಸುವವರೆಗೆ ಆಂಪ್ ಜೋರಾಗಿ ಹಾಡಿಸುವ ಅಭ್ಯಾಸ ಮಾಡಿಕೊಳ್ಳಬೇಡಿ.

ವಾರಂಟಿ ಕೇಳಿದ್ದಿರಿ. ವೈರ್ ಕತ್ತರಿಸಿದರೆ ಆ ವೈರಿಂಗ್‌ಗೆ ಸಂಬಂಧಪಟ್ಟ ದೂರನ್ನು ಕಂಪನಿಯವರು ಒಪ್ಪುವುದು ಕಷ್ಟ. ನಿಮ್ಮ ಕಾರಿಗೆ ಸರಿಯಾಗಿ ಕೂರುವ ಕಪ್ಲರ್, ಅಂದರೆ ವೈರ್ ಜೋಡಿಸುವ ಪ್ಲಗ್ ಸಿಗುತ್ತದೆ. ಅದನ್ನು ಬಳಸಿದರೆ ಒಂದು ವೈರನ್ನೂ ಕತ್ತರಿಸಬೇಕಿಲ್ಲ. ವಾರಂಟಿ ವಿಸ್ತರಿಸಿಕೊಂಡಿದ್ದರೆ ಅದರ ಕಾಗದದಲ್ಲಿ ‘ಹೊರಗಿನ ಫಿಟಿಂಗ್’ ಬಗ್ಗೆ ಏನಿದೆ ಅಂತ ಓದಿಕೊಳ್ಳಿ. ಹಳೇ ಸ್ಪೀಕರ್‌ಗಳನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ, ಅಟ್ಟದ ಮೇಲೆ ಇಡಿ. ಕಾರು ಮಾರುವ ದಿನ ಅವನ್ನೇ ಹಾಕಿ ಕೊಡಬಹುದು, ಹೊಸವನ್ನು ಮುಂದಿನ ಕಾರಿಗೆ ಒಯ್ಯಬಹುದು.

ರೇಡಿಯೋ ಕೇಳುತ್ತೀರಾ ಗೊತ್ತಿಲ್ಲ. ಹಾಸನ ಆಕಾಶವಾಣಿ ಘಾಟಿಯ ತಿರುವುಗಳಲ್ಲಿ ಕರಕರ ಅಂದರೆ ಅದಕ್ಕೆ ಗುಡ್ಡ ಕಾರಣ. ಎಫ್‌ಎಂ ಅಲೆ ಗುಡ್ಡ ಹತ್ತಿ ಇಳಿಯುವುದಿಲ್ಲ. ಬಯಲಿಗೆ ಬಂದ ಮೇಲೂ ಕರಕರ ಅಂದರೆ ಆಂಟೆನಾ ಬುಡವನ್ನು ತಿರುಗಿಸಿ ಬಿಗಿ ಮಾಡಿ ನೋಡಿ.

ವಾಲ್ಯೂಮ್ ಬಗ್ಗೆ ಕೂಡ ಹೇಳಲೇಬೇಕು. ಒಳ್ಳೆಯ ಸ್ಪೀಕರ್ ಚುಚ್ಚುವುದಿಲ್ಲ, ಹಾಗಾಗಿ ಜೋರಾಗಿದೆ ಅಂತ ಗೊತ್ತೇ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಅಲ್ಲಿಂದ ಮೇಲಕ್ಕೆ ಪ್ರತಿ 3 ಡೆಸಿಬೆಲ್‌ಗೂ ಆ ಸಮಯ ಅರ್ಧರ್ಧ ಆಗುತ್ತದೆ. ಚಾರ್ಮಾಡಿ ಇಳಿಯುವಾಗ ಎದುರಿನ ತಿರುವಿನಲ್ಲಿ ಬಸ್ಸಿನ ಹಾರ್ನ್ ನಿಮಗೆ ಕೇಳಬೇಕು. ಆ ಗಾಡಿಯವರು ಹಾರ್ನ್ ಮಾಡುವುದು ನಿಮಗೋಸ್ಕರವೇ.

ಅಂಗಡಿಗೆ ಹೋದಾಗ ಸುಮ್ನೆ ಎಸ್ಟಿಮೇಟ್ ಬೇಡ ಅನ್ನಬೇಡಿ, ಅವರೂ ಕೆಲಸ ಬಲ್ಲವರೇ ಇರುತ್ತಾರೆ. ‘ಮುಂದಿನ ಎರಡು ಡೋರ್ ಡ್ಯಾಂಪಿಂಗ್, ಬ್ಯುಟೈಲ್ ಶೀಟ್, ಕಪ್ಲರ್ ಹಾಕಿ ಕಾಂಪೊನೆಂಟ್ ಸೆಟ್, ಇಷ್ಟಕ್ಕೆ ಎಷ್ಟು?’ ಅಂತ ಕೇಳಿ. ನೀವು ನಿತ್ಯ ಕೇಳುವ ಹಾಡಿನ ಪೆನ್‌ಡ್ರೈವ್ ತೆಗೆದುಕೊಂಡು ಹೋಗಿ, ಅಲ್ಲಿ ಹಾಕುವ ಡೆಮೊ ಹಾಡು ಬೇಡ. ಮಳೆಗಾಲಕ್ಕೆ ಮುಂಚೆ ಮಾಡಿಸಿ. ಕೆಲಸ ಮುಗಿದ ದಿನ ಅಲ್ಲೇ ನಿಂತು ಒಂದು ಜಗ್ ನೀರನ್ನು ಮುಂದಿನ ಎರಡೂ ಡೋರ್‌ಗಳ ಗ್ಲಾಸಿನ ಮೇಲೆ ನಿಧಾನಕ್ಕೆ ಸುರಿಯಿರಿ. ಒಂದೆರಡು ನಿಮಿಷದಲ್ಲಿ ಡೋರ್‌ನ ತಳದಿಂದ ನೀರು ತೊಟ್ಟಿಕ್ಕಬೇಕು. ಎರಡೂ ಕಡೆ ತೊಟ್ಟಿಕ್ಕಿದ್ದನ್ನು ನೋಡಿದ ಮೇಲೆ ದುಡ್ಡು ಕೊಡಿ.